ಕಾವಲು ಕಾಯುವುದಾದರೆ ದಿಲ್ಲಿಯಲ್ಲಿ

ಸರ್ಜಾಪುರ ರಸ್ತೆಯ ಅಪಾರ್ಟ್‌ಮೆಂಟುಗಳ ಸೆಕ್ಯೂರಿಟಿಯವರಿಗೆ ಒಂದು ಕಿವಿಮಾತು. ಬಂದುಹೋಗುವವರ ಮೇಲೆ ಕಣ್ಣಿಡುವುದೇ ಕಸುಬೆಂದಾದರೆ ಗೇಟಿನಲ್ಲಿ ಯಾಕೆ ಕೊಳೆಯುತ್ತೀರಿ? ಇಂಟೆಲಿಜೆನ್ಸ್ ಬ್ಯೂರೋದ ನಿರ್ದೇಶಕರಾಗಿ.

ನಿಮ್ಮ ಪಾಡು ನೋಡಿ. ಪಾರ್ಸೆಲ್ ಹುಡುಗನ ಫೋಟೊ ತೆಗೆಯಬೇಕು, ಫ್ಲ್ಯಾಟಿಗೆ ಫೋನ್ ಮಾಡಬೇಕು, ಮನೆಗೆಲಸದಾಕೆಯ ಬ್ಯಾಗು ಬಿಚ್ಚಿಸಿ ನೋಡಬೇಕು, ರಿಜಿಸ್ಟರಿನಲ್ಲಿ ಇನ್‌ಟೈಮು ಔಟ್‌ಟೈಮು ಬರೆಸಬೇಕು. ಇಷ್ಟು ಮಾಡಿಯೂ ಬೇಸ್‌ಮೆಂಟಿನಿಂದ ಒಂದು ಸೈಕಲ್ ಮಾಯವಾದರೆ, ಸಂಜೆಯೊಳಗೆ ಅಸೋಸಿಯೇಷನ್ನಿನ ವಾಟ್ಸ್ಯಾಪ್ ಗುಂಪಿನಲ್ಲಿ ನಿಮ್ಮ ತಿಥಿ. ಬೆಳಿಗ್ಗೆ ಗೇಟಿನಲ್ಲಿ ಹೊಸ ಮುಖ.

ಐಬಿಯಲ್ಲಿ ಈ ರಗಳೆಯಿಲ್ಲ. 1887ರಲ್ಲಿ ಬ್ರಿಟಿಷರು ಹುಟ್ಟುಹಾಕಿದ ಈ ಸಂಸ್ಥೆಗೆ ಇವತ್ತಿಗೂ ಪ್ರತ್ಯೇಕ ಕಾಯ್ದೆಯೆಂಬುದಿಲ್ಲ. ಹುಟ್ಟಿಸಿದವರೇ ತಮ್ಮ ಗುಪ್ತಚರ ಸಂಸ್ಥೆ ಎಂಐ5ಗೆ 1989ರಲ್ಲಿ ಕಾಯ್ದೆ ಮಾಡಿಕೊಂಡರು. ನಾವು ಪರಂಪರೆ ಕೆಡಿಸಲಿಲ್ಲ. ಐಬಿ ಯಾವ ಕಾನೂನಿನಡಿ ನಡೆಯುತ್ತಿದೆ ಎಂದು ಕೇಳಿ ಕರ್ನಾಟಕ ಹೈಕೋರ್ಟಿನ ಮೆಟ್ಟಿಲು ಹತ್ತಿದವರು ಐಬಿಯ ನಿವೃತ್ತ ಅಧಿಕಾರಿಯೇ ಆದ ಆರ್.ಎನ್. ಕುಲಕರ್ಣಿ. ಮಾಹಿತಿ ಹಕ್ಕಿನವರು ಬಂದರೋ, ಭ್ರಷ್ಟಾಚಾರ, ಮಾನವ ಹಕ್ಕು ಉಲ್ಲಂಘನೆಯ ಮಾತಲ್ಲದಿದ್ದರೆ ಅದೇ ಕಾಯ್ದೆಯ 24ನೇ ಸೆಕ್ಷನ್ ಹೊಸಿಲಲ್ಲೇ ತಡೆಯುತ್ತದೆ.

ಯಾರ ಮೇಲೆ ಕಣ್ಣಿಡಬೇಕೆಂಬ ತಲೆಬಿಸಿಯೂ ಬೇಡ. ಬಿ.ಎನ್. ಮಲ್ಲಿಕ್ 1950ರಿಂದ 1964ರವರೆಗೆ ನಿರ್ದೇಶಕರಾಗಿದ್ದರು. ಆ ಕಾಲದಲ್ಲಿ ಐಬಿ ಕಲ್ಕತ್ತೆಯಲ್ಲಿ ಸುಭಾಷಚಂದ್ರ ಬೋಸರ ಅಣ್ಣನ ಮಕ್ಕಳ ಕಾಗದಗಳನ್ನು ಒಡೆದು ಓದುತ್ತಿತ್ತು. 1962ರಲ್ಲಿ ಚೀನಾದವರು ಕಾಗದ ಹಾಕದೆಯೇ ಬಂದುಬಿಟ್ಟರು.

ಎಡವಟ್ಟಾದರೆ ಕೆಲಸ ಹೋಗುತ್ತದೆಂಬ ಭಯವೇ? 2025ರ ಏಪ್ರಿಲ್ 22ರಂದು ಪಹಲ್ಗಾಮಿನಲ್ಲಿ 26 ಜನ ಹತರಾದರು. ಮೇ ತಿಂಗಳಲ್ಲಿ ನಿರ್ದೇಶಕ ತಪನ್ ಡೇಕಾ ಅವರ ಅವಧಿಯನ್ನು ಇನ್ನೊಂದು ವರ್ಷ ವಿಸ್ತರಿಸಲಾಯಿತು. ಸೈಕಲ್ ಕಳೆದಿರಲಿಲ್ಲವಲ್ಲ!

ನಿವೃತ್ತಿಯ ನಂತರ ನಿಮಗೆ ಪಿಎಫ್ ಚಿಲ್ಲರೆ. 1983ರಲ್ಲಿ ಐಬಿಯಿಂದ ಹೊರಬಂದ ಟಿ.ವಿ. ರಾಜೇಶ್ವರ್ ಅವರಿಗೆ ಅರುಣಾಚಲ, ಸಿಕ್ಕಿಂ, ಪಶ್ಚಿಮ ಬಂಗಾಳ, ಉತ್ತರ ಪ್ರದೇಶ, ಹೀಗೆ ಒಂದರ ಮೇಲೊಂದು ರಾಜಭವನ. ಮುಂಬೈ ದಾಳಿಯಾದಾಗ ರಾಷ್ಟ್ರೀಯ ಭದ್ರತಾ ಸಲಹೆಗಾರರಾಗಿದ್ದ ಮಾಜಿ ನಿರ್ದೇಶಕ ಎಂ.ಕೆ. ನಾರಾಯಣನ್ ಅವರೂ 2010ರಲ್ಲಿ ಕೋಲ್ಕತ್ತದ ರಾಜಭವನ ಸೇರಿದರು.

ಗುಪ್ತಚರರನ್ನೂ ಸಂಸತ್ತು ಪ್ರಶ್ನಿಸುವಂತಾಗಲಿ ಎಂದು ಸಂಸದ ಮನೀಶ್ ತಿವಾರಿ 2011ರಲ್ಲಿ ಖಾಸಗಿ ಮಸೂದೆ ಮಂಡಿಸಿದ್ದರು. ಮರುವರ್ಷ ಅವರು ಮಂತ್ರಿಯಾದರು, ಮಸೂದೆ ಬಿದ್ದುಹೋಯಿತು. ಕುರ್ಚಿಯಲ್ಲಿದ್ದಾಗ ಇಂಥ ಕಾಯ್ದೆ ಯಾರಿಗೆ ಬೇಕು? ಅದು ನೆನಪಾಗುವುದು ಕುರ್ಚಿ ಹೋಗಿ, ತಮ್ಮದೇ ಫೋನಿನ ಮೇಲೆ ಗುಮಾನಿ ಬಂದಾಗ.