ಕನಿಷ್ಠಪಣಸ್ಥಾಯಿತ್ವ: ಒಂದು ಬಹುಶಿಸ್ತೀಯ ಅಧ್ಯಯನ

ಆನ್‌ಲೈನ್ ಪೋಕರ್‌ನಲ್ಲಿ ಒಂದು–ಎರಡು ಸೆಂಟಿನ ಟೇಬಲ್‌ಗೆ ಬಂದು ಕೂತವನು ವರ್ಷಗಟ್ಟಲೆ ಅಲ್ಲಿಂದ ಮೇಲೇಳದಿರುವ ವಿದ್ಯಮಾನವನ್ನು ಪ್ರಸ್ತುತ ಪ್ರಬಂಧವು ‘ಕನಿಷ್ಠಪಣಸ್ಥಾಯಿತ್ವ’ ಎಂದು ನಾಮಕರಣಗೊಳಿಸುತ್ತದೆ. ‘ಸಣ್ಣಾಟ’ ಎಂದರೂ ನಡೆಯುತ್ತಿತ್ತು. ಆದರೆ ಸಣ್ಣ ಹೆಸರಿನ ಪ್ರಬಂಧಕ್ಕೆ ವಿಚಾರ ಸಂಕಿರಣದಲ್ಲಿ ಊಟವಾದ ಮೇಲಿನ ಗೋಷ್ಠಿಯೇ ಗತಿ ಎಂಬುದು ಅನುಭವಸಿದ್ಧ.

ಪೂರ್ವಾಧ್ಯಯನಗಳ ಸಮೀಕ್ಷೆ: ಫಾನ್ ನಾಯ್ಮನ್ ಮತ್ತು ಮಾರ್ಗನ್‌ಸ್ಟರ್ನ್ 1944ರಲ್ಲಿ ಪೋಕರ್‌ನ ಬ್ಲಫ್ಫನ್ನು ಗಣಿತಕ್ಕೆ ಒಗ್ಗಿಸಿದರು. ಬೆಲ್ ಲ್ಯಾಬ್ಸ್‌ನ ಜಾನ್ ಕೆಲ್ಲಿ 1956ರಲ್ಲಿ, ಕೈಲಿರುವ ಗಂಟಿನಲ್ಲಿ ಎಷ್ಟು ಪಾಲನ್ನು ಪಣಕ್ಕೆ ಒಡ್ಡಬೇಕೆಂಬುದಕ್ಕೆ ಸೂತ್ರ ಕೊಟ್ಟರು. ಗೆದ್ದ ಸುಖಕ್ಕಿಂತ ಸೋತ ಸಂಕಟವೇ ಹೆಚ್ಚು ಕಾಡುತ್ತದೆಂದು 1979ರಲ್ಲಿ ಕಾಹ್ನೆಮನ್ ಮತ್ತು ಟ್ವರ್ಸ್ಕಿ ಬರೆದರು. ಹೆಸರುಗಳನ್ನು ಹೇಳಿದ್ದಾಯಿತು. ಪದ್ಧತಿಯ ಪ್ರಕಾರ ಇನ್ನು ಇವರನ್ನು ಓದಬೇಕಾಗಿಲ್ಲ.

ಸ್ಥಾಯಿಗಳಲ್ಲಿ ಐದು ವರ್ಗ. ಮೊದಲನೆಯವನು ‘ವಿರಕ್ತ’. ಗಂಟು ಬೆಳೆಯದ ಹೊರತು ಮೇಲಿನ ಟೇಬಲ್ಲನ್ನು ಕಣ್ಣೆತ್ತಿಯೂ ನೋಡಲಾರ. ಎರಡನೆಯವನು ‘ಪುನರವರೋಹಿ’. ಶನಿವಾರ ರಾತ್ರಿ ಐದು–ಹತ್ತು ಸೆಂಟಿನ ಟೇಬಲ್‌ಗೆ ಹಾರಿ, ಗೆಲ್ಲಬೇಕಿದ್ದ ಎಲೆ ಹಿಡಿದೂ ಸೋಲುವ ಎರಡು ಬ್ಯಾಡ್ ಬೀಟ್ ತಿಂದು, ಟಿಲ್ಟ್ ಆಗಿ, ಅಂದರೆ ತಲೆ ಕೆಟ್ಟು, ಭಾನುವಾರ ಬೆಳಗ್ಗೆ ಮರಳಿ ಕೆಳಗೆ ಬಂದಿರುತ್ತಾನೆ. ಮೂರನೆಯವನು ‘ವಿನೋದಿ’. ಇವನಿಗೆ ಆಟವೇ ಸಾಕು, ಮೇಲೇಳುವ ಯೋಚನೆಯೇ ಇಲ್ಲ. ಶಾಸ್ತ್ರಕ್ಕೆ ಇಷ್ಟು ಕಿರಿಕಿರಿ ಮಾಡುವವನು ಇನ್ನೊಬ್ಬನಿಲ್ಲ. ನಾಲ್ಕನೆಯವನ ಲಕ್ಷಣಗಳು ಮೊದಲನೆಯವನವೇ ಆಗಿರುವುದರಿಂದಲೂ, ಐದನೆಯವನನ್ನು ಸಂಖ್ಯೆ ತುಂಬಿಸಲಷ್ಟೇ ಸೇರಿಸಿದ್ದರಿಂದಲೂ ವರ್ಗೀಕರಣವನ್ನು ಇಲ್ಲಿಗೆ ಕೈಬಿಡಲಾಗಿದೆ.

ಇನ್ನು ಪ್ರೇರಣಾಮೂಲ. 2003ರಲ್ಲಿ ಟೆನೆಸ್ಸಿಯ ಲೆಕ್ಕಿಗ ಕ್ರಿಸ್ ಮನಿಮೇಕರ್ 86 ಡಾಲರಿನ ಆನ್‌ಲೈನ್ ಅರ್ಹತಾ ಪಂದ್ಯದ ಬಾಗಿಲಿನಿಂದ ಒಳನುಗ್ಗಿ, ಲಾಸ್ ವೇಗಸ್‌ನ ವರ್ಲ್ಡ್ ಸೀರೀಸ್ ಆಫ್ ಪೋಕರ್‌ನಲ್ಲಿ 25 ಲಕ್ಷ ಡಾಲರ್ ಗೆದ್ದರು. ಆ ವರ್ಷ ಮುಖ್ಯ ಪಂದ್ಯಕ್ಕೆ ಕೂತವರು 839 ಮಂದಿ, 2006ರಲ್ಲಿ 8,773. ಗೆದ್ದವನನ್ನು ಬಿಟ್ಟು ಉಳಿದ 8,772 ಮಂದಿಯ ಕುರಿತು ಯಾರೂ ಪ್ರಬಂಧ ಬರೆಯಲಿಲ್ಲ.

ಮೇಲೇರದವನ ಬಗ್ಗೆ ಕೋಚಿಂಗ್ ಗುರುಗಳ ಸಿದ್ಧಾಂತ ಒಂದೇ: ಅವನಿಗೆ ಶಿಸ್ತಿಲ್ಲ, ಮನಸ್ಥಿತಿ ಸರಿಯಿಲ್ಲ. ಈ ಶಿಸ್ತುಶಾಸ್ತ್ರದ ಆದಿಗುರು ಕ್ರಿಸ್ ಫರ್ಗುಸನ್. 2006ರಲ್ಲಿ ಫುಲ್ ಟಿಲ್ಟ್ ತಾಣದಲ್ಲಿ ಸೊನ್ನೆಯಿಂದ ಶುರುಮಾಡಿ, ಪ್ರವೇಶಶುಲ್ಕವಿಲ್ಲದ ಪಂದ್ಯಗಳಲ್ಲಿ ಚಿಲ್ಲರೆ ಗೆದ್ದು, ಸುಮಾರು ಹದಿನಾರು ತಿಂಗಳಲ್ಲಿ ಹತ್ತು ಸಾವಿರ ಡಾಲರ್ ಮಾಡಿ ತೋರಿಸಿದರು. ತೀರಾ ಸಣ್ಣ ಆಟಗಳನ್ನು ಬಿಟ್ಟರೆ ಯಾವ ಟೇಬಲ್‌ಗೂ ಗಂಟಿನ ಶೇ. 5ಕ್ಕಿಂತ ಹೆಚ್ಚು ಒಯ್ಯಬಾರದು ಎಂಬುದು ಅವರ ಕಟ್ಟಳೆ. ಅಂದರೆ ಐದು ಡಾಲರ್ ಬೈ-ಇನ್ನಿಗೆ ಗಂಟಿನಲ್ಲಿ ನೂರು ಡಾಲರ್ ಇರಬೇಕು. ಕಟ್ಟಳೆ ಚೊಕ್ಕವಾಗಿದೆ. ಪಾಲಿಸಿದವನು ಅಲ್ಲೇ ಉಳಿಯುತ್ತಾನೆ, ಪಾಲಿಸದವನು ಬಿದ್ದು ಅಲ್ಲಿಗೇ ಬರುತ್ತಾನೆ.

ಗುರುಗಳು ಬೋರ್ಡಿನ ಮೇಲೆ ಬರೆಯದ ಲೆಕ್ಕ ಇನ್ನೊಂದಿದೆ. ಪ್ರತಿ ಪಾಟ್‌ನಿಂದ, ಅಂದರೆ ಟೇಬಲ್ ನಡುವೆ ರಾಶಿಬಿದ್ದ ಪಣದಿಂದ, ಕಂಪನಿ ಮುರಿದುಕೊಳ್ಳುವ ಪಾಲಿಗೆ ರೇಕ್ ಎನ್ನುತ್ತಾರೆ. ಸಾಮಾನ್ಯವಾಗಿ ಅದು ಶೇ. 5ರ ಆಸುಪಾಸು, ಅದಕ್ಕೊಂದು ಗರಿಷ್ಠ ಮಿತಿ. ಎರಡು ಸೆಂಟಿನ ಟೇಬಲ್‌ನಲ್ಲಿ ಎರಡು ಡಾಲರಿನ ಪಾಟ್ ಆದರೆ ಹತ್ತು ಸೆಂಟ್ ಹೋಯಿತು, ಅಂದರೆ ಐದು ಬಿಗ್ ಬ್ಲೈಂಡ್ (ಎಲೆ ನೋಡುವ ಮೊದಲೇ ಕಟ್ಟಬೇಕಾದ ಕಡ್ಡಾಯ ಪಣಗಳಲ್ಲಿ ದೊಡ್ಡದು; ಇಲ್ಲಿ ಎರಡು ಸೆಂಟ್). ಐದು–ಹತ್ತು ಡಾಲರಿನ ಟೇಬಲ್‌ನಲ್ಲಿ ಸಾವಿರ ಡಾಲರಿನ ಪಾಟ್ ಆಯಿತೆನ್ನಿ, ಮಿತಿ ಮೂರು ಡಾಲರ್ ಎಂದಿಟ್ಟುಕೊಂಡರೆ ಹೋಗುವುದು ಬಿಗ್ ಬ್ಲೈಂಡಿನ ಮೂರನೇ ಒಂದು ಪಾಲೂ ಅಲ್ಲ. ನೂರು ಹ್ಯಾಂಡ್‌ಗೆ ಐದು ಬಿಗ್ ಬ್ಲೈಂಡ್ ಉಳಿಸಿಕೊಂಡವನನ್ನು ಒಳ್ಳೆಯ ಆಟಗಾರ ಎನ್ನುವ ಲೋಕದಲ್ಲಿ, ಬಡವನ ಟೇಬಲ್‌ನ ಒಂದೇ ಒಂದು ದೊಡ್ಡ ಪಾಟ್ ಅಷ್ಟನ್ನೂ ನುಂಗುತ್ತದೆ. ಗೆಲ್ಲುವ ಅನುಕೂಲವಿಲ್ಲದಿದ್ದರೆ ಪಣವನ್ನೇ ಒಡ್ಡಬೇಡ ಎಂಬುದೂ ಕೆಲ್ಲಿಯ ಸೂತ್ರದಲ್ಲೇ ಇದೆ. ಆ ಸಾಲನ್ನು ಮಾತ್ರ ಯಾವ ಗುರುವೂ ಪಾಠ ಮಾಡುವುದಿಲ್ಲ. ಮಾಡಿದರೆ ತರಗತಿ ಖಾಲಿ.

ಇಲ್ಲಿ ಪ್ರಬಂಧದ ಧಾಟಿಯನ್ನು ಕಾಯ್ದುಕೊಳ್ಳುವುದು ಕಷ್ಟ. ಎರಡು ಡಾಲರ್ ಹಿಡಿದು ಕೂತವನಿಗೆ ಶಿಸ್ತಿನ ಪಾಠ ಹೇಳಿದ ಫುಲ್ ಟಿಲ್ಟ್‌ನ ಶಿಸ್ತು ಎಂಥದ್ದಿತ್ತು? 2011ರ ಏಪ್ರಿಲ್ 15ರಂದು ಅಮೆರಿಕ ಸರ್ಕಾರ ಫುಲ್ ಟಿಲ್ಟ್ ಸೇರಿ ಮೂರು ದೊಡ್ಡ ತಾಣಗಳ ಬಾಗಿಲನ್ನು ತನ್ನ ದೇಶದ ಆಟಗಾರರಿಗೆ ಹಾಕಿಸಿತು. ಸೆಪ್ಟೆಂಬರಿನಲ್ಲಿ ಅಲ್ಲಿನ ನ್ಯಾಯ ಇಲಾಖೆ ಮಾಡಿದ ಆರೋಪದಂತೆ, ಫುಲ್ ಟಿಲ್ಟ್ ಆಟಗಾರರಿಗೆ ಕೊಡಬೇಕಿದ್ದದ್ದು ಸುಮಾರು 39 ಕೋಟಿ ಡಾಲರ್, ಬ್ಯಾಂಕಿನಲ್ಲಿ ಇದ್ದದ್ದು ಸುಮಾರು 6 ಕೋಟಿ. ಮಾಲೀಕರಿಗೂ ಆಡಳಿತ ಮಂಡಳಿಯವರಿಗೂ ಹಂಚಿಹೋದದ್ದು 44 ಕೋಟಿಗೂ ಮೇಲೆ. ಆ ಮಂಡಳಿಯಲ್ಲಿ ಫರ್ಗುಸನ್ ಕೂಡ ಇದ್ದರು; ತಪ್ಪೊಪ್ಪಿಕೊಳ್ಳದೆ 2013ರಲ್ಲಿ ಇತ್ಯರ್ಥ ಮಾಡಿಕೊಂಡರು. ವರ್ಷಗಟ್ಟಲೆ ಸೆಂಟಿಗೆ ಸೆಂಟು ಕೂಡಿಟ್ಟು, ಶೇ. 5ರ ಗೆರೆ ದಾಟದೆ ಮುನ್ನೂರು ಡಾಲರ್ ಮಾಡಿಕೊಂಡಿದ್ದ ‘ವಿರಕ್ತ’ನ ಗಂಟೂ ಅಲ್ಲೇ ಸಿಕ್ಕಿಹಾಕಿಕೊಂಡಿತು. ಅವನ ಮನಸ್ಥಿತಿಯಲ್ಲಿ ಯಾವ ದೋಷವಿತ್ತು, ಸ್ವಾಮಿ?

ಭಾರತೀಯ ಸಂದರ್ಭ. 2021ರಲ್ಲಿ ಕರ್ನಾಟಕ ಸರ್ಕಾರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು, ಕೌಶಲದ್ದಾದರೂ ಸರಿ, ಆನ್‌ಲೈನ್‌ನಲ್ಲಿ ಹಣ ಕಟ್ಟಿ ಆಡುವುದು ಅಪರಾಧ ಎಂದಿತು. 2022ರ ಫೆಬ್ರುವರಿ 14ರಂದು ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನು ರದ್ದುಪಡಿಸಿತು. ಆಮೇಲೆ ಬಂದದ್ದು ತೆರಿಗೆಶಾಸ್ತ್ರ. 2023ರ ಏಪ್ರಿಲ್‌ನಿಂದ ನಿವ್ವಳ ಗೆಲುವಿನ ಮೇಲೆ ಶೇ. 30 ಟಿಡಿಎಸ್, ಅಕ್ಟೋಬರ್ 1ರಿಂದ ಕಟ್ಟಿದ ಪೂರ್ತಿ ಹಣದ ಮೇಲೆ ಶೇ. 28 ಜಿಎಸ್‌ಟಿ. ಸಾವಿರ ರೂಪಾಯಿ ಹಾಕಿದರೆ ಎಲೆ ಹಂಚುವ ಮೊದಲೇ 218 ರೂಪಾಯಿ 75 ಪೈಸೆ ತೆರಿಗೆಗೆ ಸಂದಾಯವಾಗುತ್ತಿತ್ತು. ಬೋನಸ್ ಎಂದು ಕೆಲವು ಕಂಪನಿಗಳು ಅದನ್ನು ತುಂಬಿಕೊಟ್ಟವು. ಪುಕ್ಕಟೆ ತುಂಬಿಕೊಡುವ ಜನ ಅವರಲ್ಲ, ರೇಕ್ ಇದ್ದೇ ಇತ್ತು. ಅಂಥ ಟೇಬಲ್‌ನಲ್ಲಿ ಕೂತವನಿಗೆ ‘ಮೇಲೆ ಬಾ’ ಎನ್ನುವವನದ್ದು ಯಾವ ಶಾಸ್ತ್ರವೋ ತಿಳಿಯದು.

ಉಪಸಂಹಾರ ಬರೆಯುವಷ್ಟರಲ್ಲಿ ಅಧ್ಯಯನದ ವಸ್ತುವೇ ಮಾಯವಾಯಿತು. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದ ಆನ್‌ಲೈನ್ ಗೇಮಿಂಗ್ ಕಾಯ್ದೆ, ಕೌಶಲವೋ ಅದೃಷ್ಟವೋ ಎಂದು ನೋಡದೆ ಹಣದ ಆಟಗಳನ್ನೆಲ್ಲ ನಿಷೇಧಿಸಿತು. ವಿರಕ್ತ, ಪುನರವರೋಹಿ, ವಿನೋದಿ ಮೂವರೂ ಒಂದೇ ವಾರದಲ್ಲಿ ನಿರುದ್ಯೋಗಿಗಳು. ಸಂಶೋಧನೆ ಮಾತ್ರ ನಿಲ್ಲುವ ಹಾಗಿಲ್ಲ. ಷೇರುಪೇಟೆಯ ಆಪ್ಷನ್ಸ್ ವಹಿವಾಟಿನತ್ತ ಪ್ರಬಂಧವನ್ನು ತಿರುಗಿಸಲು ಮಾರ್ಗದರ್ಶಕರ ಅಪ್ಪಣೆಯಾಗಿದೆ. ಮೂರು ಆರ್ಥಿಕ ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್ಸ್‌ನಲ್ಲಿ ಕೈಹಾಕಿದ ವ್ಯಕ್ತಿಗಳ ಪೈಕಿ ಶೇ. 93ರಷ್ಟು ಮಂದಿ ಕಳೆದುಕೊಂಡರೆಂದು ಸೆಬಿ 2024ರಲ್ಲಿ ಹೇಳಿದ್ದರಿಂದ ಸಾಮಗ್ರಿಗೆ ಬರವಿಲ್ಲ. ತರಗತಿಗಳೂ ಆಗಲೇ ನಡೆಯುತ್ತಿವೆ: ಮೊದಲ ಪಾಠ ‘ಮನಸ್ಥಿತಿ ಮತ್ತು ಶಿಸ್ತು’, ಶುಲ್ಕ ಮುಂಗಡ.