ಪಂಚೆ, ಬಕೆಟ್ಟು ಮತ್ತು ಅಟ್ಲಾಂಟಿಕ್

ದುಡ್ಡಿದ್ದವರು ಸಮುದ್ರದ ದಂಡೆಯಲ್ಲಿ ಮನೆ ಕಟ್ಟಿಸುವುದು ಇರುವುದಕ್ಕಲ್ಲ, ನೋಡುವುದಕ್ಕೆ. ಕೇಪ್‌ಟೌನಿನ ಕ್ಯಾಂಪ್ಸ್ ಬೇ ಬಡಾವಣೆಗೆ ಕಾಲಿಟ್ಟ ಅರ್ಧ ಗಂಟೆಯಲ್ಲೇ ಇದು ಗೊತ್ತಾಗುತ್ತದೆ. ಎದುರಿಗೆ ಅಟ್ಲಾಂಟಿಕ್, ಬೆನ್ನಿಗೆ ‘ಟ್ವೆಲ್ವ್ ಅಪಾಸಲ್ಸ್’ ಬೆಟ್ಟಸಾಲು, ನಡುವೆ ತಾಳೆಮರಗಳ ವಿಕ್ಟೋರಿಯಾ ರಸ್ತೆ. ಡಿಸೆಂಬರ್ ರಜೆಗೆ ಮಗ ಮತ್ತು ಅವನ ಸ್ನೇಹಿತರ ಸಂಸಾರಗಳು ಸೇರಿ ಅಲ್ಲೊಂದು ವಿಲ್ಲಾ ಹಿಡಿದರು. ಬಾಡಿಗೆ ಎಷ್ಟೆಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ. ಸ್ಟೆಂಟ್ ಹಾಕಿಸಿಕೊಂಡ ಅಪ್ಪನನ್ನು ಮಕ್ಕಳು ಹೀಗೆಲ್ಲ ಜೋಪಾನ ಮಾಡುತ್ತಾರೆ.

ಆ ಮನೆಯ ಸೋಫಾ, ಮಂಚ, ಕಡೆಗೆ ಬಾತ್‌ಟಬ್ ಕೂಡ ಸಮುದ್ರದ ಕಡೆಗೇ ಮುಖ ಮಾಡಿದ್ದವು. ಯಾರ ಮುಖ ಯಾರಿಗೂ ಕಾಣದು. ಯಕ್ಷಗಾನಕ್ಕೆ ಬಂದವರಂತೆ ಸಾಲಾಗಿ ಕೂತು, ಮನೆಯ ಗುಟ್ಟನ್ನೆಲ್ಲ ಅಲೆಗಳಿಗೆ ಹೇಳಿದೆವು. ಗೋಡೆ ಇರಬೇಕಾದಲ್ಲಿ ಗಾಜು, ಪರದೆ ಎಳೆಯಲು ರಿಮೋಟು. ವೈನಿಗೇ ಪ್ರತ್ಯೇಕ ಫ್ರಿಜ್ಜು. ಬಾಟಲಿ ಮಲಗಿಸುವ ಅದರ ಗೂಡುಗಳಿಗೆ ನನ್ನಾಕೆಯ ಸೌತೆಕಾಯಿಗಳು ಸರಿಯಾಗಿ ಹಿಡಿಸಿದವು.

ಇಷ್ಟು ದುಡ್ಡು ಸುರಿದು ನೋಡುವ ಸಮುದ್ರಕ್ಕೆ ಇಳಿಯುವ ಹಾಗಿಲ್ಲ. ಬೇಸಿಗೆಯ ಆಗ್ನೇಯ ಗಾಳಿ ಮೇಲಿನ ನೀರನ್ನು ದಡದಿಂದ ಆಚೆ ತಳ್ಳುತ್ತದೆ. ಆ ಜಾಗಕ್ಕೆ ಆಳದ ತಣ್ಣೀರು ಮೇಲೇಳುತ್ತದೆ. ಹಾಗಾಗಿ ಮರಳು ಸುಡುವ ಕಾಲದಲ್ಲೇ ನೀರು 10–12 ಡಿಗ್ರಿಗೆ ಇಳಿಯುವುದುಂಟು. ಮಲ್ಪೆಯಲ್ಲಿ ಕರೆದರೂ ನೀರಿನಿಂದ ಏಳದ ನನ್ನ ಮಗ ಮೊಣಕಾಲವರೆಗೆ ಇಳಿದವನೇ, “ನೋಡೋಕೆ ಚೆನ್ನಾಗಿದೆ ಅಪ್ಪಾ” ಎಂದು ವಾಪಸು ಬಂದ.

ಊರಿನ ಕೆಟ್ಟ ಗಾಳಿಯನ್ನೆಲ್ಲ ಗುಡಿಸುತ್ತದೆಂದು ಆ ಗಾಳಿಗೆ ‘ಕೇಪ್ ಡಾಕ್ಟರ್’ ಎಂಬ ಹೆಸರಿದೆ. ಬಾಲ್ಕನಿಯ ಗಾಜಿನ ಕಟಕಟೆಗೆ ಒಣಹಾಕಿದ್ದ ನನ್ನ ಪಂಚೆಯನ್ನೂ ಡಾಕ್ಟರು ಗುಡಿಸಿ ಪಕ್ಕದ ಬಂಗಲೆಯ ಈಜುಕೊಳಕ್ಕೆ ಹಾಕಿದರು. ಆ ಬಂಗಲೆಗೆ ಕರೆಂಟಿನ ಬೇಲಿ, ಗೇಟಿನ ಮೇಲೆ ಬಂದೂಕಿನ ಕಾವಲುಂಟೆಂಬ ಫಲಕ. ಪಂಚೆ ಕೊಡಿ ಎಂದು ಕೇಳಲು ಯಾರಿಗೆ ಧೈರ್ಯ? ವರ್ಣಭೇದದ ಕಾಲದಲ್ಲಿ ಇಲ್ಲಿನ ಮರಳು ಬಿಳಿಯರಿಗೆ ಮಾತ್ರ. ದೇಶದ ಕಡಲತೀರಗಳನ್ನು ಎಲ್ಲರಿಗೂ ತೆರೆಯುವುದಾಗಿ ಸರ್ಕಾರ ಹೇಳಿದ್ದು 1989ರ ಕೊನೆಯಲ್ಲಿ. ಮರಳಿನ ಮೇಲೆ ಈಗ ಯಾರು ಬೇಕಾದರೂ ಕೂರಬಹುದು. ಬೇಲಿಗಳು ಮಾತ್ರ ಬಂಗಲೆಗಳ ಸುತ್ತ ಗಟ್ಟಿಯಾಗಿವೆ. ನಮ್ಮ ಕಡೆಯಿಂದ ಪಂಚೆಯಾದರೂ ಒಳಗೆ ಹೋಯಿತಲ್ಲ ಎಂದು ಸಮಾಧಾನಪಟ್ಟೆ.

ಬಚ್ಚಲಲ್ಲಿ ತಲೆಯ ಮೇಲೆ ಮೊರದಗಲದ ಶವರು, ಬಕೆಟ್ಟಿಲ್ಲ, ಚೊಂಬಿಲ್ಲ. ತಲೆಗೆ ಎಣ್ಣೆ ಹಚ್ಚಿಕೊಂಡು ನಿಂತ ನನ್ನಾಕೆ, ಮನೆ ಒಪ್ಪಮಾಡಲು ಬರುವ ಹೆಂಗಸಿಗೆ ಎರಡೂ ಕೈಯಲ್ಲಿ ಅಭಿನಯಿಸಿ ತೋರಿಸಿದಳು. ಆಕೆ ಬಿದ್ದು ಬಿದ್ದು ನಕ್ಕರು. “2018ರಲ್ಲಿ ಬರಬೇಕಿತ್ತು ಮಮಾ, ಆಗ ಈ ಬೀದಿಯ ಶ್ರೀಮಂತರೆಲ್ಲ ಬಕೆಟ್ಟಿನಲ್ಲೇ ನಿಂತಿದ್ದರು!”

ಸುಳ್ಳಲ್ಲ. ಬರದಿಂದ ಅಣೆಕಟ್ಟುಗಳು ಬತ್ತಿ, ಆ ಫೆಬ್ರವರಿಯಿಂದ ನಗರದಲ್ಲಿ ತಲೆಗೆ ದಿನಕ್ಕೆ 50 ಲೀಟರ್ ಎಂದು ಮಿತಿ ಹಾಕಿದ್ದರು. ನಲ್ಲಿ ನಿಲ್ಲುವ ‘ಡೇ ಝೀರೊ’ ಬಂದರೆ ಸರದಿಯಲ್ಲಿ ನಿಂತು 25 ಲೀಟರ್ ಹಿಡಿದುಕೊಳ್ಳಬೇಕು. ನಲ್ಲಿನೀರನ್ನು ಈಜುಕೊಳಕ್ಕೆ ಬಿಡುವಂತಿಲ್ಲ. ಶವರಿನ ಕೆಳಗೆ ಬಕೆಟ್ಟಿಟ್ಟು, ಮಿಂದ ನೀರನ್ನೇ ಕಮೋಡಿಗೆ ಸುರಿಯಬೇಕು. ಆ ವರ್ಷ ಮಳೆ ಬಂದು ಊರು ಬಚಾವಾಯಿತು. 2024ರ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ಟ್ಯಾಂಕರ್ ಕಾದ ನಮಗೆ ಇದನ್ನು ಬಿಡಿಸಿ ಹೇಳಬೇಕಿರಲಿಲ್ಲ.

ಆಕೆ ಗ್ಯಾರೇಜಿನಿಂದ ನೀಲಿ ಬಕೆಟ್ಟೊಂದನ್ನು ಹುಡುಕಿ ತಂದರು. ಚೊಂಬಿನ ಬದಲಿಗೆ ಅಡುಗೆಮನೆಯ ಅಳತೆಜಗ್ಗು. ನನ್ನಾಕೆ ರಿಮೋಟಿನಿಂದ ಪರದೆ ಮುಚ್ಚಿಸಿ, ಅಷ್ಟು ದುಬಾರಿ ಅಟ್ಲಾಂಟಿಕ್ಕಿಗೆ ಬೆನ್ನು ಹಾಕಿ, ಹದವಾದ ಬಿಸಿನೀರನ್ನು ತಲೆಗೆ ಹುಯ್ದುಕೊಂಡು ಬಂದಳು. ರಜೆ ಶುರುವಾದ ಮೇಲೆ ಅವಳ ಮುಖ ಅರಳಿದ್ದು ಅಂದೇ.

ಹೊರಡುವಾಗ ಹಾಲಿನಲ್ಲಿದ್ದ ಅತಿಥಿಗಳ ಪುಸ್ತಕ ತಿರುವಿದೆ. ನಾನಾ ದೇಶದವರು ಸೂರ್ಯಾಸ್ತವನ್ನು ಹಾಡಿ ಹೊಗಳಿದ್ದರು. ನನ್ನಾಕೆ ಪೆನ್ನು ಕಿತ್ತುಕೊಂಡು ಕನ್ನಡದಲ್ಲಿ ದುಂಡಗೆ ಬರೆದಳು: “ಬಿಸಿನೀರು ಚೆನ್ನಾಗಿ ಬರುತ್ತದೆ. ಬಕೆಟ್ಟು ಗ್ಯಾರೇಜಿನಲ್ಲಿದೆ, ಕೇಳಿ ಪಡೆಯಿರಿ. ಚೊಂಬು ನೀವೇ ತನ್ನಿ.”