ಕೈಕಟ್ಟಿ ಕೂರುವ ಕಷ್ಟ

ಕೆಲಸ ಮಾಡುವುದನ್ನು ಕಲಿಸುವವರು ಲೋಕದ ತುಂಬ ಸಿಗುತ್ತಾರೆ. ಸುಮ್ಮನಿರುವುದನ್ನು ಕಲಿಸುವವರು ಸಿಗುವುದು ಅಪರೂಪ. ದಾಸರು ಹೇಳಿದರು, ಶರಣರು ಹೇಳಿದರು, ನಮ್ಮಜ್ಜಿಯಂತೂ ದಿನಕ್ಕೆರಡು ಸಲ ಹೇಳುತ್ತಿದ್ದಳು. ನನ್ನ ತಲೆಗೆ ಹತ್ತಲಿಲ್ಲ. ಕಡೆಗೆ ಆ ವಿದ್ಯೆಯ ಓನಾಮ ತಿದ್ದಿಸಿದ್ದು 1960ರ ದಶಕದ ಒಂದು ಇಂಗ್ಲಿಷ್ ವಿಮಾನ. ಅದೂ ಆಕಾಶದಲ್ಲಿದ್ದದ್ದಲ್ಲ, ನನ್ನ ಕಂಪ್ಯೂಟರಿನ ಫ್ಲೈಟ್ ಸಿಮ್ಯುಲೇಟರಿನೊಳಗೆ ಇದ್ದದ್ದು.

ಹಾಕರ್ ಸಿಡ್ಲಿ ಟ್ರೈಡೆಂಟ್ ಎಂದು ಅದರ ಹೆಸರು. ಎಲ್ಲವೂ ಮೂರು ಮೂರು: ಬಾಲದ ಬಳಿ ಮೂರು ಎಂಜಿನ್, ಕಾಕ್‌ಪಿಟ್ಟಿನಲ್ಲಿ ಮೂವರು ಪೈಲಟ್‌ಗಳು, ಅವರ ಕಣ್ಣಿಗೆ ಬೀಳದಂತೆ ಮೂರು ಆಟೋಪೈಲಟ್‌ಗಳು. ನಡುವಿನಲ್ಲಿರಬೇಕಾದ ಮೂಗಿನ ಚಕ್ರ ಮಾತ್ರ ಯಾರ ಮೇಲೋ ಮುನಿಸಿಕೊಂಡಂತೆ 2 ಅಡಿ ಎಡಕ್ಕೆ ಸರಿದು ಕೂತಿದೆ. ಒಟ್ಟು 117 ತಯಾರಾದವು. ಈಗ ಒಂದೂ ಹಾರುವುದಿಲ್ಲ. ಅಳಿದುಳಿದ ಕೆಲವು ಮ್ಯೂಸಿಯಂ ಸೇರಿವೆ. ನನ್ನಂಥವರ ಮನೆಗಳಲ್ಲಿ ಮಾತ್ರ ರಾತ್ರಿ ತಟ್ಟೆ ಹಾಕುವ ಹೊತ್ತಿಗೆ ಸರಿಯಾಗಿ ಹಾರುತ್ತವೆ.

ಈ ವಿಮಾನಕ್ಕೆ ತಾನೇ ತಾನಾಗಿ ಇಳಿಯುವ ವಿದ್ಯೆ ಬಂದದ್ದು ಲಂಡನ್ನಿನ ಮಂಜಿನ ಪುಣ್ಯದಿಂದ. 1952ರ ಡಿಸೆಂಬರಿನಲ್ಲಿ ಆ ಊರಿಗೆ ಕವಿದ ಹೊಗೆಮಂಜಿನಲ್ಲಿ ಬಸ್ಸಿಗೆ ದಾರಿ ತೋರಿಸಲು ಕಂಡಕ್ಟರ್ ಮುಂದೆ ಮುಂದೆ ನಡೆಯಬೇಕಾಯಿತು. ಬಸ್ಸಿನ ಮುಂದೆ ನಡೆಯಬಹುದು. ವಿಮಾನದ ಮುಂದೆ ನಡೆಯುವವರು ಯಾರು? ಕಣ್ಣು ಕಾಣದಿದ್ದರೂ ಇಳಿಸುವುದು ಹೇಗೆಂದು ಹುಡುಕಲು ಬ್ರಿಟಿಷ್ ಸರ್ಕಾರ 1945ರಲ್ಲೇ ಒಂದು ಘಟಕ ಕಟ್ಟಿತ್ತು. ಅವರು ಹಾಕಿಕೊಂಡ ಷರತ್ತು ಕೇಳಿ: ಯಂತ್ರದ ತಪ್ಪಿನಿಂದ ಜೀವ ಹೋಗುವ ಸಂಭವ 1 ಕೋಟಿ ಇಳಿಯುವಿಕೆಗೆ 1ಕ್ಕಿಂತ ಹೆಚ್ಚಿರಕೂಡದು. ಈ ಲೆಕ್ಕ ಓದಿದಾಗ ನಮ್ಮ ಬಡಾವಣೆಯ ಆಟೋ ಚಾಲಕರ ನೆನಪಾಗಿ ಮನಸ್ಸು ಭಾರವಾಯಿತು. 1965ರ ಜೂನ್ 10ರಂದು ಪ್ಯಾರಿಸ್‌ನಿಂದ ಪ್ರಯಾಣಿಕರನ್ನು ಹೊತ್ತು ಬಂದ ಟ್ರೈಡೆಂಟ್ ಹೀಥ್ರೂ ನಿಲ್ದಾಣದಲ್ಲಿ ನೆಲ ಮುಟ್ಟುವ ಮುನ್ನ ತಾನೇ ಮೂಗೆತ್ತಿ ಹಗುರಾಗಿ ಕೂತಿತು. ಮರುವರ್ಷದ ನವೆಂಬರಿನಲ್ಲಿ ಇನ್ನೊಂದು ಟ್ರೈಡೆಂಟ್ ಅದೇ ನಿಲ್ದಾಣದಲ್ಲಿ, ನಿಜವಾದ ದಟ್ಟ ಮಂಜಿನಲ್ಲಿ, ಪೂರ್ತಿಯಾಗಿ ತಾನೇ ಇಳಿದು ತೋರಿಸಿತು.

ಇದರ ಗುಟ್ಟು ಮೂರು ಆಟೋಪೈಲಟ್‌ಗಳ ಬಹುಮತ. ಮೂವರೂ ಒಂದೇ ಲೆಕ್ಕ ಮಾಡುತ್ತಾರೆ. ಒಬ್ಬ ಬೇರೆ ಉತ್ತರ ಹೇಳಿದನೋ, ಉಳಿದಿಬ್ಬರು ಸೇರಿ ಅವನನ್ನು ಹೊರಗೆ ಹಾಕುತ್ತಾರೆ; ವಿಚಾರಣೆಯಿಲ್ಲ, ಮೇಲ್ಮನವಿಯಿಲ್ಲ. ನಮ್ಮ ಮನೆಯದೂ ಇದೇ ವ್ಯವಸ್ಥೆ. ಹೆಂಡತಿ, ಮಗಳು, ನಾನು ಮೂವರಿದ್ದೇವೆ. ಸೋಫಾದ ಬಟ್ಟೆ ಯಾವ ಬಣ್ಣದ್ದಿರಲಿ ಎಂಬುದರಿಂದ ಹಿಡಿದು ರಜೆಗೆ ಎಲ್ಲಿಗೆ ಎಂಬುದರವರೆಗೆ ಮತ ಬೀಳುತ್ತದೆ, ಪ್ರತಿ ಸಲವೂ ಸಂಪರ್ಕ ಕಡಿತವಾಗುವುದು ಒಂದೇ ಪೆಟ್ಟಿಗೆಯದು. ಟ್ರೈಡೆಂಟಿನಲ್ಲಿ ಉಳಿದಿಬ್ಬರಿಗೆ ಆಮೇಲೆ ಜಗಳ ಬಂದರೆ ಇಬ್ಬರೂ ಕೈಬಿಟ್ಟು ವಿಮಾನವನ್ನು ಪೈಲಟ್ಟಿಗೆ ಒಪ್ಪಿಸುತ್ತಾರೆ, ಯಾರು ಸರಿ ಎನ್ನಲು ಮೂರನೆಯವನಿಲ್ಲವಲ್ಲ! ನಮ್ಮ ಮನೆಯಲ್ಲಿ ಅಂಥ ಸಂದರ್ಭ ಇನ್ನೂ ಒದಗಿಲ್ಲ.

ಸುಮ್ಮನೆ ಕೂರುವುದಕ್ಕೆ ಮುನ್ನ ಮಾಡಬೇಕಾದ ಕೆಲಸಗಳ ಪಟ್ಟಿಯೇನು ಸಣ್ಣದಲ್ಲ. ಹೀಥ್ರೂವಿನ 27ಎಲ್ ರನ್‌ವೇಯ ರೇಡಿಯೊ ಆವರ್ತನ 109.50 ಮೆಗಾಹರ್ಟ್ಸ್, ಅದನ್ನು ಕೂರಿಸಬೇಕು. ಚಕ್ರ ಇಳಿಸಬೇಕು, ರೆಕ್ಕೆಯ ಫ್ಲ್ಯಾಪ್ ಬಿಡಿಸಬೇಕು, ವೇಗ ಹಿಡಿತಕ್ಕೆ ತರಬೇಕು. ಎಡಬಲ ತೋರಿಸುವ ಲೋಕಲೈಸರ್ ಕಿರಣ ಸಿಕ್ಕಬೇಕು. ಆಮೇಲೆ 3 ಡಿಗ್ರಿ ಇಳಿಜಾರಿನ ಗ್ಲೈಡ್‌ಸ್ಲೋಪ್ ಸಿಕ್ಕಬೇಕು. ಇಷ್ಟೆಲ್ಲ ಆದಮೇಲೆ ಯಂತ್ರ ಹೇಳುತ್ತದೆ: ಇನ್ನು ನೀನು ಸುಮ್ಮನಿರು.

ಅಲ್ಲಿಂದ ಶುರು ನನ್ನ ತಪಸ್ಸು. ಸಾವಿರ ಅಡಿಯಿಂದ ನೆಲಕ್ಕೆ ಸುಮಾರು ಒಂದೂವರೆ ನಿಮಿಷ. ಕಿಟಕಿಯಾಚೆ ಇರುವುದು ಬೂದು ಬಣ್ಣ ಒಂದೇ; ಮಂಜನ್ನು ನಾನೇ ಮೆನುವಿನಲ್ಲಿ ಆರಿಸಿ ಹಾಕಿಕೊಂಡದ್ದು. ಸ್ಟಿಯರಿಂಗ್ ತಾನೇ ಅಲ್ಲಾಡುತ್ತದೆ, ಥ್ರಾಟಲ್ ತಾನೇ ಹಿಂದೆ ಮುಂದೆ ಸರಿಯುತ್ತದೆ, ಕಾಣದ ಯಾರೋ ನನ್ನ ಕುರ್ಚಿಯಲ್ಲಿ ಕೂತು ನನಗಿಂತ ಚೆನ್ನಾಗಿ ಓಡಿಸುತ್ತಿದ್ದಾರೆ. ಜಾಯ್‌ಸ್ಟಿಕ್ಕಿನ ಕಡೆ ಬೆರಳು ತುರಿಸುತ್ತದೆ. ಸ್ವಲ್ಪ ಎಡಕ್ಕೆ ಹೋಯಿತೇನೋ, ತುಸು ತಿದ್ದಿದರೆ ತಪ್ಪೇನು ಎಂದು ಒಳಗಿನ ಯಜಮಾನ ಕೇಳುತ್ತಾನೆ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಪಕ್ಕದ ಸೀಟಿನಲ್ಲಿ ಕೂತು ಇಲ್ಲದ ಬ್ರೇಕ್ ಒತ್ತುವವನು ನಾನು. ಇಲ್ಲಿ ಬ್ರೇಕ್ ಕಾಲ ಕೆಳಗೇ ಇದೆ. ಕೈಗಳೆರಡನ್ನೂ ಪಂಚೆಯ ಮಡಿಲಲ್ಲಿ ಕಟ್ಟಿಹಾಕಿ ಕೂರುತ್ತೇನೆ.

ನಿಜವಾದ ಟ್ರೈಡೆಂಟಿನ ಪೈಲಟ್‌ಗಳಿಗೆ ಇದೇ ತರಬೇತಿಯಿತ್ತು. ಒಬ್ಬ ಮೀಟರುಗಳ ಮೇಲಿಟ್ಟ ಕಣ್ಣು ಕದಲಿಸುವಂತಿರಲಿಲ್ಲ, ಕ್ಯಾಪ್ಟನ್ ಹೊರಗೆ ದೀಪ ಕಂಡೀತೇ ಎಂದು ನೋಡುತ್ತಿರಬೇಕಿತ್ತು. ಸುಮ್ಮನಿರುವುದೆಂದರೆ ನಿದ್ದೆಯಲ್ಲ, ಗಮನವೆಲ್ಲ ಕಣ್ಣಿನಲ್ಲಿ, ಸಂಯಮವೆಲ್ಲ ಕೈಯಲ್ಲಿ. ಇಂಥ ಸುಮ್ಮನಿರುವಿಕೆಗೆ ಸಂಬಳ ಕೊಡುತ್ತಿದ್ದರೆಂಬುದೇ ಆ ಕೆಲಸ ಎಷ್ಟು ಕಷ್ಟದ್ದೆಂಬುದಕ್ಕೆ ಸಾಕ್ಷಿ.

ನೆಲ ಹತ್ತಿರವಾಗುತ್ತಲೇ ಗ್ಲೈಡ್‌ಸ್ಲೋಪನ್ನು ಬಿಟ್ಟು ರೇಡಿಯೊ ಆಲ್ಟಿಮೀಟರಿನ ಮಾತು ಕೇಳಿಕೊಂಡು ವಿಮಾನ ಮೆಲ್ಲಗೆ ಮೂಗೆತ್ತುತ್ತದೆ. ಅಡ್ಡಗಾಳಿಗೆ ಓರೆಯಾಗಿದ್ದ ಮೈಯನ್ನು ಕೊನೆಯ ಕ್ಷಣ ನೇರ ಮಾಡಿಕೊಳ್ಳುತ್ತದೆ. ಧಡ್! ಬೂದು ಬಣ್ಣದೊಳಗಿಂದ ರನ್‌ವೇಯ ನಡುಗೆರೆಯ ದೀಪ ಒಂದೊಂದಾಗಿ ಹೊರಬಂದು ಹಿಂದೆ ಓಡುತ್ತದೆ. ನಾನೇ ಇಳಿಸಿದೆನೆಂಬಂತೆ ನನ್ನ ಬೆನ್ನು ನೇರವಾಗುತ್ತದೆ.

ಅಷ್ಟರಲ್ಲಿ ತಾಪತ್ರಯ. ಈ ಮೂವರು ಪಂಡಿತರ ಪಾಂಡಿತ್ಯ ರನ್‌ವೇಗೇ ಮುಗಿಯಿತು. ಅಲ್ಲಿಂದ ಟರ್ಮಿನಲ್‌ಗೆ ಹೋಗುವ ಕೆಲಸ ನನ್ನದು. ಮಂಜೇನು ಕರಗಿಲ್ಲ, ಐವತ್ತು ಮೀಟರ್ ಆಚೆಗೆ ಏನಿದೆಯೋ ದೇವರೇ ಬಲ್ಲ. ಇಳಿದಮೇಲೆ ದಾರಿ ಹುಡುಕುವುದೇ ದೊಡ್ಡ ಪಾಡು ಎಂದು ಆ ಕಾಲದವರಿಗೂ ಅರಿವಾಗಿತ್ತಂತೆ. ಆಕಾಶವೆಲ್ಲ ಯಂತ್ರದ್ದು, ಗಲ್ಲಿ ಮಾತ್ರ ಮನುಷ್ಯನದು.

ಅಡಿಗೆಮನೆಯಿಂದ ದನಿ ಬಂತು: “ರೀ, ಇಳಿದಾಯ್ತಲ್ಲ, ಬನ್ನಿ, ಸಾರು ಆರ್ತಿದೆ.”

“ಗೇಟು ಯಾವ ಕಡೆ ಅಂತ ಕಾಣ್ತಿಲ್ಲ ಕಣೇ.”

“ಊಟದ ಮೇಜು ಯಾವ ಕಡೆ ಅಂತ ಗೊತ್ತಲ್ಲ? ಅಷ್ಟು ಸಾಕು.”